ಬೆಳಕು ಸಾಕು, ಕಾಣುವಂತೆ ಮಾಡಿ
ವೈದ್ಯಕೀಯ ಉಪಕರಣ ಕಟ್ಟುವ ನಮ್ಮ ನಾಡಿನ ಎಂಜಿನಿಯರ್‌ಗಳಿಗೆ ಒಂದು ಬಹಿರಂಗ ಪತ್ರ

ಎಂಜಿನಿಯರ್ ಮಿತ್ರರೇ,

ಬೆಂಗಳೂರಲ್ಲೋ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಕ್ಯಾಮೆರಾ, ಲೆನ್ಸು, ಚಿಪ್ಪು, ಸಾಫ್ಟ್‌ವೇರುಗಳ ನಡುವೆ ಕೂತು ವೈದ್ಯರಿಗಾಗಿ ಯಂತ್ರ ಕಟ್ಟುತ್ತಿರುವ ನಿಮಗೆ ಈ ಪತ್ರ. ನಾನು ಅಕ್ಷಿಪಟಲದ, ಅಂದರೆ ರೆಟಿನಾದ, ಆಪರೇಷನ್ ಮಾಡುವವನು. ಸಮ್ಮೇಳನಗಳ ಮಳಿಗೆಗಳಲ್ಲಿ ನಿಮ್ಮವರು ಸಿಗುತ್ತಾರೆ, ಪ್ರೀತಿಯಿಂದ ಹೊಸ ಯಂತ್ರ ತೋರಿಸುತ್ತಾರೆ. ತೋರಿಸುವಾಗ ಬಾಯಿಗೆ ಬರುವ ಮೊದಲ ಮಾತು ಬಹುಮಟ್ಟಿಗೆ ಒಂದೇ: ‘ಎಷ್ಟು ಬ್ರೈಟಾಗಿದೆ ನೋಡಿ ಸಾರ್!’

ನನ್ನ ತಕರಾರು ಆ ಮಾತಿನ ಮೇಲೆಯೇ. ಕಣ್ಣಿನೊಳಗೆ ನಮಗೆ ಬೇಕಾಗಿರುವುದು ಇನ್ನಷ್ಟು ಬೆಳಕಲ್ಲ. ಈಗಿರುವುದಕ್ಕಿಂತ ಕಡಿಮೆ ಬೆಳಕಿನಲ್ಲಿ, ಈಗ ಸುರಿಯುವುದಕ್ಕಿಂತ ಕಡಿಮೆ ಬಣ್ಣ ಸುರಿದು, ಈಗಿನದಕ್ಕಿಂತ ಚೆನ್ನಾಗಿ ಕಾಣಬೇಕು. ಏಕೆಂದರೆ ನಾವು ನೋಡಲು ಬಳಸುವ ಬೆಳಕು ಬೀಳುವುದು ಬೆಳಕಿಗೆಂದೇ ಹುಟ್ಟಿದ ಅಂಗದ ಮೇಲೆ. ಹೊಟ್ಟೆಯ ಆಪರೇಷನ್ನಿನಲ್ಲಿ ದೀಪ ಜೋರು ಮಾಡಿದರೆ ಕರುಳಿಗೆ ಏನೂ ಆಗದು. ಇಲ್ಲಿ ಹಾಗಲ್ಲ.

ಕೆಲಸ ಹೇಗಿರುತ್ತದೆ ಎಂದು ಒಂದಿಷ್ಟು ಹೇಳಿಬಿಡುತ್ತೇನೆ. ಮ್ಯಾಕ್ಯುಲಾದ ತೂತಿನ ಆಪರೇಷನ್ನನ್ನೇ ತೆಗೆದುಕೊಳ್ಳಿ. ಅಕ್ಷಿಪಟಲದ ನಟ್ಟನಡುವಿನ, ಓದುವುದಕ್ಕೆ ಮತ್ತು ಮುಖ ಗುರುತಿಸುವುದಕ್ಕೆ ಬೇಕಾದ ಜಾಗ ಮ್ಯಾಕ್ಯುಲಾ. ವಯಸ್ಸಾದಂತೆ ಕಣ್ಣಿನೊಳಗಿನ ಲೋಳೆ, ಅಂದರೆ ವಿಟ್ರಿಯಸ್, ಕುಗ್ಗುತ್ತ ಅಲ್ಲಿ ಎಳೆಯುತ್ತದೆ. ಕೆಲವರಲ್ಲಿ ಆ ಎಳೆತಕ್ಕೆ ತೂತು ಬೀಳುತ್ತದೆ. ‘ಎದುರಿಗಿರುವವರ ಕಣ್ಣು ಕಿವಿ ಕಾಣುತ್ತೆ ಡಾಕ್ಟ್ರೇ, ಮೂಗಿನ ಜಾಗದಲ್ಲಿ ಏನೂ ಇಲ್ಲ’ ಅನ್ನುತ್ತಾರೆ. ಒಂದು ಕಾಲದಲ್ಲಿ ಇದಕ್ಕೆ ಮದ್ದೇ ಇರಲಿಲ್ಲ. 1991ರಲ್ಲಿ ಅಮೆರಿಕದ ಕೆಲ್ಲಿ ಮತ್ತು ವೆಂಡೆಲ್ ಎಂಬಿಬ್ಬರು ಶಸ್ತ್ರವೈದ್ಯರು, ಲೋಳೆ ತೆಗೆದು ಗ್ಯಾಸ್ ತುಂಬಿದರೆ ತೂತು ಮುಚ್ಚಬಹುದೆಂದು ತೋರಿಸಿದರು. ಅವರ ಮೊದಲ ವರದಿಯಲ್ಲಿ ಮುಚ್ಚಿದ್ದು ಅರ್ಧಕ್ಕಿಂತ ತುಸು ಹೆಚ್ಚು ಕಣ್ಣುಗಳಲ್ಲಿ. ಇಂದು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮುಚ್ಚುತ್ತವೆ. ಈ ನಡುವೆ ಸೇರಿಕೊಂಡ ಮುಖ್ಯ ಹೆಜ್ಜೆ ಎಂದರೆ ಅಕ್ಷಿಪಟಲದ ಮೇಲ್ಮೈಯಲ್ಲಿರುವ ಒಳಗಡಿ ಪದರವನ್ನು ತೂತಿನ ಸುತ್ತ ಸುಲಿದು ತೆಗೆಯುವುದು. ನಾವು ದಿನನಿತ್ಯ ಅದನ್ನು ಐಎಲ್‌ಎಂ ಅನ್ನುತ್ತೇವೆ.

ಈ ಐಎಲ್‌ಎಂ ದಪ್ಪ ಸುಮಾರು ಎರಡು ಮೈಕ್ರಾನ್. ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಸಾಲದ್ದಕ್ಕೆ ಅದು ಪಾರದರ್ಶಕ. ಕೆಳಗೆ ಅಂಟಿಕೊಂಡಿರುವುದು ನರದ ಎಳೆಗಳು. ಕಣ್ಣಿನ ಬಿಳಿಭಾಗದಲ್ಲಿ ಅರ್ಧ ಮಿಲಿಮೀಟರಿನ ಮೂರು ಕಿಂಡಿ ಮಾಡಿರುತ್ತೇವೆ. ಒಂದರಿಂದ ಸಲೈನ್ ಒಳಗೆ ಹೋಗುತ್ತಿರುತ್ತದೆ, ಎಡಗೈಯಲ್ಲಿ ಒಳಗೆ ಬೆಳಕು ಒಯ್ಯುವ ಲೈಟ್ ಪೈಪ್, ಬಲಗೈಯಲ್ಲಿ ಚಿಮುಟ. ಬಹುತೇಕ ಸಲ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಮರಗಟ್ಟಿರುವುದು ಕಣ್ಣಿನ ಸುತ್ತ ಮಾತ್ರ. ಕೆಮ್ಮಬಹುದು, ನಿದ್ದೆ ಹೋಗಿ ಬೆಚ್ಚಿ ಎಚ್ಚರಾಗಬಹುದು. ಅಂಗೈಯ ಅಂಚನ್ನು ಅವರ ಹಣೆಗೆ ಆನಿಸಿ, ಚಿಮುಟದ ತುದಿಯನ್ನು ಇಳಿಸುತ್ತ ಇಳಿಸುತ್ತ ಪದರವನ್ನು ಚಿವುಟಬೇಕು. ತುದಿ ಕಡಿಮೆ ಇಳಿದರೆ ಏನೂ ಸಿಗದು, ಕೂದಲೆಳೆಯಷ್ಟು ಹೆಚ್ಚು ಇಳಿದರೆ ಅಕ್ಷಿಪಟಲದಲ್ಲಿ ಚುಕ್ಕೆಯಂತೆ ರಕ್ತ ಕಾಣುತ್ತದೆ. ಸಿಕ್ಕಿತೆಂದರೆ ಪುಟ್ಟದೊಂದು ಅಂಚು ಏಳುತ್ತದೆ. ಆ ಅಂಚನ್ನು ಹಿಡಿದು, ಮೇಲಕ್ಕೆ ಎತ್ತದೆ, ಮೇಲ್ಮೈಗೆ ಒರಗಿಸಿಕೊಂಡಂತೆ ತೂತಿನ ಸುತ್ತ ಬಳಸಿ ಎಳೆಯಬೇಕು. ಪದರ ಎದ್ದ ಜಾಗ ತುಸು ಮಂಕು ಬಿಳುಪಾಗುತ್ತದೆ, ಎದ್ದಿರದ ಜಾಗದಲ್ಲಿ ಹೊಳಪು ಉಳಿದಿರುತ್ತದೆ. ಎಲ್ಲಿ ಸುಲಿದಾಗಿದೆ, ಎಲ್ಲಿ ಬಾಕಿ ಎಂದು ನಮಗೆ ಗೊತ್ತಾಗುವುದು ಈ ಹೊಳಪಿನ ವ್ಯತ್ಯಾಸದಿಂದ. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಸಾಫ್ಟ್‌ವೇರಿನ ಬಗ್ಗೆ ಹೇಳುವಾಗ ಮತ್ತೆ ಬೇಕಾಗುತ್ತದೆ.

ಕಾಣದ್ದನ್ನು ಕಾಣಿಸಲು ನಾವು ಹಿಡಿದ ಮೊದಲ ದಾರಿ ಬಣ್ಣ. ಇಂಡೋಸಯನೈನ್ ಗ್ರೀನ್ ಎಂಬ ಹಸಿರು ಬಣ್ಣವನ್ನು ಹೃದಯ, ಯಕೃತ್ತುಗಳ ಪರೀಕ್ಷೆಗೆ ದಶಕಗಳಿಂದ ರಕ್ತನಾಳಕ್ಕೆ ಕೊಡುತ್ತಿದ್ದರು. 2000ದಲ್ಲಿ ಜಪಾನಿನ ಕಡೊನೊಸೊನೊ ಮತ್ತು ಸಂಗಡಿಗರು ಅದನ್ನೇ ಕಣ್ಣಿನೊಳಗೆ ಬಳಸಿ ಐಎಲ್‌ಎಂ ಹಸಿರಾಗುವುದನ್ನು ವರದಿ ಮಾಡಿದರು. ಕ್ಷೇತ್ರವೇ ಕುಣಿದಾಡಿತು. ಅಲ್ಲಿಯವರೆಗೆ ಕೈ ಪಳಗಿದ ಕೆಲವರಿಗಷ್ಟೇ ಸಾಧ್ಯವಿದ್ದ ಕೆಲಸ ಎಲ್ಲರ ಕೈಗೂ ಬಂತು. ಎರಡೇ ವರ್ಷಗಳಲ್ಲಿ ಇನ್ನೊಂದು ಬಗೆಯ ವರದಿಗಳು ಶುರುವಾದವು. ತೂತು ಮುಚ್ಚಿದೆ, ದೃಷ್ಟಿ ಮಾತ್ರ ನಿರೀಕ್ಷಿಸಿದಷ್ಟು ಬಂದಿಲ್ಲ. ಕೆಲವರಿಗೆ ಒಂದು ಬದಿಯ ನೋಟವೇ ಕುಗ್ಗಿದೆ. ತಿಂಗಳುಗಳ ಮೇಲೂ ನರದ ಬುಡದಲ್ಲಿ ಬಣ್ಣ ಉಳಿದಿದೆ. ಬಣ್ಣದ ಸಾಂದ್ರತೆ, ಅದನ್ನು ಕರಗಿಸುವ ನೀರು, ಒಳಗೆ ಬಿಟ್ಟ ಹೊತ್ತು, ಅದರ ಮೇಲೆ ಬಿದ್ದ ಬೆಳಕು, ಹೀಗೆ ಒಂದೊಂದರ ಮೇಲೂ ವರ್ಷಗಟ್ಟಲೆ ವಾದ ನಡೆಯಿತು. ಇವತ್ತೂ ಅದನ್ನು ಬಳಸುವವರಿದ್ದಾರೆ, ತೀರ ತೆಳುವಾಗಿ, ಬೇಗ ಹೀರಿ ತೆಗೆದು.

ಆಮೇಲೆ ಬಂದದ್ದು ಬ್ರಿಲಿಯಂಟ್ ಬ್ಲೂ ಜಿ. ಮೂಲತಃ ಉಣ್ಣೆಗೆ ಹಾಕುತ್ತಿದ್ದ ಬಣ್ಣದ ವಂಶ, ಪ್ರಯೋಗಾಲಯಗಳಲ್ಲಿ ಪ್ರೋಟೀನ್ ಗುರುತಿಸಲು ಹೆಸರಾದದ್ದು. ಜಪಾನಿನ ಎನೈಡಾ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಮನುಷ್ಯರ ಕಣ್ಣಿನಲ್ಲಿ ಬಳಸಿದ ಫಲ ಪ್ರಕಟಿಸಿದರು. ಒಂದು ಮಿಲಿಲೀಟರಿನಲ್ಲಿ ಕಾಲು ಮಿಲಿಗ್ರಾಂ ಇದ್ದರೆ ಸಾಕು, ಐಎಲ್‌ಎಂ ತಿಳಿನೀಲಿಯಾಗುತ್ತದೆ. ಅದರ ಮೇಲೆ ರೋಗದಿಂದ ಬೆಳೆದ ಬೇರೆ ಪದರವಿದ್ದರೆ ಅದು ಬಣ್ಣ ಹಿಡಿಯುವುದಿಲ್ಲ, ನೀಲಿಯ ನಡುವೆ ಬೋಳಾಗಿ ಕಾಣುತ್ತದೆ. ಅಮೆರಿಕದ ಔಷಧ ಇಲಾಖೆ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2019ರ ಡಿಸೆಂಬರಿನಲ್ಲಿ. ನಮ್ಮಲ್ಲಿ ಅಷ್ಟು ಹೊತ್ತಿಗಾಗಲೇ ಥಿಯೇಟರಿನ ನಿತ್ಯದ ಸಾಮಾನಾಗಿತ್ತು. ಲೋಳೆಯನ್ನು ಕಾಣಿಸಲು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡಿನ ಬಿಳಿ ಕಣ ಚಿಮುಕಿಸುವುದೂ ಉಂಟು. ಅದು ಬಣ್ಣವಲ್ಲ, ಲೋಳೆಗೆ ಅಂಟಿಕೊಂಡು ‘ಇಲ್ಲಿದ್ದೇನೆ’ ಅನ್ನುವ ಪುಡಿ ಅಷ್ಟೆ.

ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆಂದರೆ, ಬಣ್ಣದ ಕತೆಯಲ್ಲಿ ನಡೆದದ್ದೇ ಬೆಳಕಿನ ಕತೆಯಲ್ಲೂ ನಡೆದಿದೆ. ಆದರೆ ಬಣ್ಣದ ಬಗ್ಗೆ ನಮಗಿರುವ ಹೆದರಿಕೆ ಬೆಳಕಿನ ಬಗ್ಗೆ ಇಲ್ಲ. ಬೆಳಕನ್ನು ಯಾರೂ ಬಾಟಲಿಯಲ್ಲಿ ತುಂಬಿ ಲೇಬಲ್ ಅಂಟಿಸುವುದಿಲ್ಲವಲ್ಲ!

1966ರಲ್ಲಿ ನೋಯೆಲ್ ಎಂಬ ವಿಜ್ಞಾನಿ, ಸಾಧಾರಣ ಬೆಳಕೇ ಹೊತ್ತು ಮೀರಿ ಬಿದ್ದರೆ ಇಲಿಗಳ ಅಕ್ಷಿಪಟಲ ಹಾಳಾಗುವುದನ್ನು ತೋರಿಸಿದ. 1983ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಅರ್ವಿನ್, ಪೊರೆಯ ಆಪರೇಷನ್ ಆದ ರೋಗಿಗಳಲ್ಲಿ ಮೈಕ್ರೋಸ್ಕೋಪಿನ ದೀಪದಿಂದಾದ ಮ್ಯಾಕ್ಯುಲಾದ ಗಾಯಗಳನ್ನು ವಿವರಿಸಿದರು. ಅಲ್ಲಿ ದೀಪ ಇದ್ದದ್ದು ಕಣ್ಣಿನ ಹೊರಗೆ. ನಾವು ದೀಪವನ್ನು ಕಣ್ಣಿನೊಳಕ್ಕೇ ಒಯ್ಯುತ್ತೇವೆ. ಬಿಸಿಯಿಂದ ಸುಡುವುದು ಬೇರೆ. ಇಲ್ಲಿ ಹೆಚ್ಚಾಗಿ ಆಗುವುದು ರಾಸಾಯನಿಕ ಹಾನಿ, ಅದರಲ್ಲೂ ನೀಲಿ ಬದಿಯ ಬೆಳಕಿನಿಂದ. ಅದು ಕೂಡುತ್ತ ಹೋಗುವ ಲೆಕ್ಕ: ತೀವ್ರತೆ ಎಷ್ಟು, ಎಷ್ಟು ಹೊತ್ತು, ಎರಡನ್ನೂ ಗುಣಿಸಬೇಕು. ಬೆಳಕು ಅರ್ಧ ಮಾಡಿದರೆ ಹೆಚ್ಚುಕಡಿಮೆ ಇಮ್ಮಡಿ ಸಮಯ ಸಿಗುತ್ತದೆ. ಲೈಟ್ ಪೈಪನ್ನು ಅಕ್ಷಿಪಟಲದಿಂದ ಎರಡರಷ್ಟು ದೂರ ಹಿಡಿದರೆ ಒಂದು ಚುಕ್ಕೆಯ ಮೇಲೆ ಬೀಳುವುದು ನಾಲ್ಕರಲ್ಲೊಂದು ಪಾಲು. ಈ ಲೆಕ್ಕ ನಿಮಗೆ ಶಾಲೆಯಿಂದಲೇ ಗೊತ್ತು. ಆದರೆ ಐಎಲ್‌ಎಂ ಸುಲಿಯುವಾಗ ನಾವು ಮಾಡುವುದು ಇದರ ತಿರುವುಮುರುವು. ದೀಪ ಹತ್ತಿರ ತಂದು, ಅತ್ಯಂತ ಸೂಕ್ಷ್ಮವಾದ ಜಾಗಕ್ಕೇ ಹಿಡಿದು, ನಿಮಿಷಗಟ್ಟಲೆ ಅಲ್ಲಾಡದೆ ಕೂರುತ್ತೇವೆ. ಕಣ್ಣಿನೊಳಗಿನ ದೀಪಗಳಿಗೆಂದೇ ಐಎಸ್‌ಒ 15752 ಎಂಬ ಸುರಕ್ಷತೆಯ ಮಾನದಂಡವಿದೆ. ನಿಮ್ಮ ಕಂಪನಿಯ ಕಾಗದಪತ್ರ ನೋಡುವವರು ಅದನ್ನು ಓದಿರುತ್ತಾರೆ. ವಿನ್ಯಾಸ ಮಾಡುವವರೂ ಓದಬೇಕೆಂಬುದು ನನ್ನ ಕೋರಿಕೆ.

ಇನ್ನೊಂದು ಮಾತು. ಬೆಳಕು ಹೆಚ್ಚಿಸಿದರೆ ಎಷ್ಟೋ ಸಲ ಕಾಣುವುದೂ ಇಲ್ಲ. ಲೋಳೆಯಲ್ಲಿ ರಕ್ತ ಕದಡಿರುವಾಗ, ಗಾಳಿ ತುಂಬಿದಾಗ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಮಬ್ಬಾದಾಗ ದೀಪ ಏರಿಸುವುದೆಂದರೆ ಚಾರ್ಮಾಡಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ. ಮಂಜೇ ಬೆಳಗುತ್ತದೆ, ರಸ್ತೆಯಲ್ಲ.

ಹಾಗಾದರೆ ದಾರಿ ಯಾವುದು? ಒಂದು ದಾರಿ ನಿಮ್ಮವರೇ ತೋರಿಸಿದ್ದು. ಕೆಲವು ವರ್ಷಗಳಿಂದ ಮೈಕ್ರೋಸ್ಕೋಪಿನ ಕಣ್ಣುಗೊಳವೆ ತೆಗೆದು ಅಲ್ಲಿ ಎರಡು ಕಣ್ಣಿನ ಕ್ಯಾಮೆರಾ ಕೂರಿಸಿ, ರೋಗಿಯ ಕಾಲ ಬಳಿ ದೊಡ್ಡ ತ್ರೀಡಿ ಪರದೆ ಇಟ್ಟು, ಕನ್ನಡಕ ಹಾಕಿಕೊಂಡು ಪರದೆ ನೋಡುತ್ತ ಆಪರೇಷನ್ ಮಾಡುವ ಪದ್ಧತಿ ಬಂದಿದೆ. ಜರ್ಮನಿಯ ಎಕಾರ್ಟ್ 2016ರಲ್ಲಿ ಇದರ ಅನುಭವ ಪ್ರಕಟಿಸಿದರು. 1997ರಲ್ಲಿ ಮ್ಯಾಕ್ಯುಲಾದ ತೂತಿಗೆ ಐಎಲ್‌ಎಂ ಸುಲಿಯುವುದನ್ನು ವರದಿ ಮಾಡಿದವರಲ್ಲೂ ಇವರೇ ಮುಂದು. ಎಲ್ಲರೂ ಹೊಗಳುವುದು ಕತ್ತುನೋವು ತಪ್ಪಿತೆಂದು. ನನ್ನ ಕತ್ತಿಗೂ ಅದು ಹಿತವೇ, ಸುಳ್ಳೇಕೆ ಹೇಳಲಿ. ಆದರೆ ನಿಜವಾದ ಲಾಭ ಬೇರೆ ಕಡೆ ಇದೆ. ಮಂದ ಬೆಳಕಿನಲ್ಲಿ ಮನುಷ್ಯನ ಕಣ್ಣು ಸೋಲುವಲ್ಲಿ ಒಳ್ಳೆಯ ಸಂವೇದಕ ಸೋಲುವುದಿಲ್ಲ. ದೀಪವನ್ನು ಪೂರ್ಣ ಶಕ್ತಿಯ ಹತ್ತನೇ ಒಂದು ಪಾಲಿಗೆ ಇಳಿಸಿಯೂ ಆಪರೇಷನ್ ಮಾಡಬಹುದೆಂದು ಪ್ರಕಟವಾಗಿದೆ. ಬಣ್ಣಗಳ ಹದವನ್ನು ಪರದೆಯಲ್ಲಿಯೇ ತಿದ್ದಿ ನೀಲಿಯನ್ನು ಎದ್ದು ಕಾಣುವಂತೆ ಮಾಡಿದರೆ ಕಣ್ಣಿಗೆ ಹಾಕುವ ಡೈಯನ್ನೂ ಕಡಿಮೆ ಮಾಡಬಹುದು. ಬೆಳಕೂ ಇಳಿಯಿತು, ಬಣ್ಣವೂ ಇಳಿಯಿತು. ಮಳಿಗೆಯಲ್ಲಿ ನಿಂತು ನೀವು ಕೂಗಿ ಹೇಳಬೇಕಾದದ್ದು ಇದನ್ನು.

ಬೆಲೆ ಕೇಳಿದರೆ ಮಾತ್ರ ಜಿಲ್ಲಾ ಮಟ್ಟದ ಆಸ್ಪತ್ರೆಯ ಲೆಕ್ಕಿಗರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ನೀವು ಇದನ್ನು ಇಲ್ಲಿಯೇ ಕಟ್ಟಲು ಹೊರಟರೆ ನನ್ನ ಕೆಲವು ಎಚ್ಚರಿಕೆಗಳಿವೆ. ಮೊದಲನೆಯದು ಚಿತ್ರವನ್ನು ಚೆಂದ ಮಾಡುವ ಚಟ. ಮೊಬೈಲ್ ಫೋಟೊ ನೋಡಿ ನೋಡಿ ನಮಗೆಲ್ಲ ಆ ಚಟ ಹತ್ತಿದೆ: ಅಂಚುಗಳು ಚೂಪಾಗಿರಬೇಕು, ಚರ್ಮ ನುಣುಪಾಗಿರಬೇಕು. ಆಪರೇಷನ್ನಿನ ಚಿತ್ರದಲ್ಲಿ ಅಂಚು ಚೂಪು ಮಾಡುವ ಸಾಫ್ಟ್‌ವೇರ್, ಇಲ್ಲದ ಅಂಚನ್ನೂ ಹುಟ್ಟಿಸಬಲ್ಲದು. ನನ್ನ ಚಿಮುಟ ಆ ಸುಳ್ಳು ಅಂಚಿನ ಕಡೆ ಹೋಗುತ್ತದೆ. ನುಣುಪು ಮಾಡುವ ಸಾಫ್ಟ್‌ವೇರ್, ಸುಲಿದ ಜಾಗಕ್ಕೂ ಸುಲಿಯದ ಜಾಗಕ್ಕೂ ಇರುವ ಹೊಳಪಿನ ವ್ಯತ್ಯಾಸ ಎಂದೆನಲ್ಲ, ಅದನ್ನೇ ‘ಕಲೆ’ ಎಂದುಕೊಂಡು ಅಳಿಸಿಬಿಡುತ್ತದೆ. ಕೃತಕ ಬುದ್ಧಿಮತ್ತೆ ಸೇರಿಸುವವರು ಇದನ್ನು ಇಮ್ಮಡಿ ನೆನಪಿಡಬೇಕು. ಕಾಣದಿದ್ದರೆ ಕಾಣುತ್ತಿಲ್ಲ ಎಂದು ತೋರಿಸುವ ಯಂತ್ರ ನನಗೆ ಬೇಕು. ಊಹಿಸಿ ತುಂಬುವ ಯಂತ್ರ ಬೇಡ.

ಎರಡನೆಯದು ತಡ. ಕೈ ಅಲ್ಲಾಡಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ಅಂತರ ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಒಳಗಿದ್ದರೆ ಮಿದುಳು ಒಗ್ಗಿಕೊಳ್ಳುತ್ತದೆ. ನೀವು ಸೇರಿಸುವ ಒಂದೊಂದು ಸಂಸ್ಕರಣೆಯೂ ಅದಕ್ಕೊಂದಿಷ್ಟು ಕೂಡಿಸುತ್ತದೆ. ಹೊಸ ಸೌಲಭ್ಯ ತರುವಾಗ ಎಷ್ಟು ಮಿಲಿಸೆಕೆಂಡ್ ತಿಂದಿರಿ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಮೂರನೆಯದು ನಮ್ಮವರ ಕಣ್ಣು. ನಮ್ಮ ಜನರ ಕಣ್ಣಿನ ಹಿಂಭಾಗದಲ್ಲಿ ಮೆಲನಿನ್ ಹೆಚ್ಚು. ಅದು ಬೆಳಕನ್ನು ನುಂಗುತ್ತದೆ, ಹಿಂದಕ್ಕೆ ಬರುವುದು ಕಡಿಮೆ. ಹೊರದೇಶದ ಪುಸ್ತಕಗಳ ತಿಳಿ ಕಿತ್ತಳೆಯ ಹಿನ್ನೆಲೆ ನಮ್ಮಲ್ಲಿ ಕಂದು. ಕಿತ್ತಳೆಯ ಮೇಲೆ ಎದ್ದು ಕಾಣುವ ನೀಲಿ, ಕಂದಿನ ಮೇಲೆ ಹಾಗೇ ಕಾಣಬೇಕೆಂದಿಲ್ಲ. ಕ್ಯಾಮೆರಾದ ಬಣ್ಣದ ಹದವನ್ನು ಬೇರೆಯವರ ಕಣ್ಣಿನ ಮೇಲೆ ಗೊತ್ತುಮಾಡಿ ನಮಗೆ ತಂದುಕೊಟ್ಟರೆ, ಮಬ್ಬು ಅನ್ನಿಸಿ ನಾವು ಕೈಹಾಕುವುದು ದೀಪದ ಗುಂಡಿಗೇ. ಈ ಕೆಲಸದಲ್ಲಿ ನಿಮಗೆ ಯಾವ ದೊಡ್ಡ ವಿದೇಶಿ ಕಂಪನಿಗೂ ಇಲ್ಲದ ಅನುಕೂಲವಿದೆ, ನೀವು ಇಲ್ಲೇ ಇದ್ದೀರಿ.

ನಾಲ್ಕನೆಯದು ಕರೆಂಟು. ಹಳೆಯ ಮೈಕ್ರೋಸ್ಕೋಪಿನಲ್ಲಿ ಎಲ್ಲ ಕೆಟ್ಟರೂ ಗಾಜು ಉಳಿದಿರುತ್ತದೆ. ಕಣ್ಣುಗೊಳವೆಗೆ ಕಣ್ಣಿಟ್ಟು, ಇನ್ನೊಂದು ದೀಪ ಹಿಡಿಸಿಕೊಂಡು, ಒಳಗಿನ ಉಪಕರಣಗಳನ್ನು ಸುರಕ್ಷಿತವಾಗಿ ಹೊರತೆಗೆಯಬಹುದು. ಪರದೆಯ ಪದ್ಧತಿಯಲ್ಲಿ ಜನರೇಟರಿಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಮೊದಲಿನಿಂದ ಶುರುವಾಯಿತೆಂದರೆ, ಚಿಮುಟದಲ್ಲಿ ಪದರ ಹಿಡಿದವನ ಮುಂದೆ ಕಪ್ಪು ಪರದೆ. ಗಾಜಿನ ದಾರಿಯನ್ನು ಪೂರ್ತಿ ಮುಚ್ಚಬೇಡಿ. ಒಂದು ಸನ್ನೆಯಲ್ಲಿ ಅದಕ್ಕೆ ಮರಳುವಂತಿರಲಿ.

ಕಡಿಮೆ ಬೆಳಕಿನಲ್ಲಿ ಚೆನ್ನಾಗಿ ಕಾಣುವ ಇನ್ನೊಂದು ದಾರಿ ಓಸಿಟಿ. ಬೆಳಕಿನ ಅಲೆಗಳ ಪ್ರತಿಫಲನದಿಂದ ಅಕ್ಷಿಪಟಲದ ಅಡ್ಡಸೀಳು ಚಿತ್ರ ತೆಗೆಯುವ ಈ ವಿದ್ಯೆ 1991ರಲ್ಲಿ ಎಂಐಟಿಯ ಫುಜಿಮೊಟೊ ಅವರ ಗುಂಪಿನಿಂದ ಪ್ರಕಟವಾಯಿತು. ಈಗ ಓಪಿಡಿಯಲ್ಲಿ ಅದಿಲ್ಲದೆ ದಿನ ಹೋಗದು. ಅದನ್ನು ಮೈಕ್ರೋಸ್ಕೋಪಿನೊಳಗೇ ಕೂರಿಸಿದ್ದಾರೆ. ಕ್ಲೀವ್‌ಲ್ಯಾಂಡ್‌ನ ಎಲರ್ಸ್ ಮತ್ತು ಸಂಗಡಿಗರ ದೊಡ್ಡ ಅಧ್ಯಯನದಲ್ಲಿ, ಕಣ್ಣಿನ ಹಿಂಭಾಗದ ಆಪರೇಷನ್‌ಗಳ ಪೈಕಿ ನೂರಕ್ಕೆ ಸುಮಾರು ಮೂವತ್ತರಲ್ಲಿ ಅದು ಶಸ್ತ್ರವೈದ್ಯರ ತೀರ್ಮಾನವನ್ನೇ ಬದಲಿಸಿತು. ಪದರ ಪೂರ್ತಿ ಬಂತು ಎಂದುಕೊಂಡಲ್ಲಿ ಉಳಿದಿತ್ತು, ಉಳಿದಿದೆ ಎಂದುಕೊಂಡಲ್ಲಿ ಇರಲಿಲ್ಲ. ನನಗೆ ಇದು ತ್ರೀಡಿ ಪರದೆಗಿಂತ ದೊಡ್ಡ ಹೆಜ್ಜೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ಡೈಯೂ ಬೇಡ, ಕಣ್ಣು ಕುಕ್ಕುವ ಬೆಳಕೂ ಬೇಡ. ತೊಡಕು ಇರುವುದು ಚಿಮುಟದಲ್ಲಿ. ಲೋಹದ ಚಿಮುಟ ಓಸಿಟಿಯ ಕಿರಣವನ್ನು ತಡೆದು ಕೆಳಗೆ ನೆರಳು ಬೀಳಿಸುತ್ತದೆ. ನನಗೆ ಬೇಕಾದದ್ದು ಚಿಮುಟದ ತುದಿಯ ಕೆಳಗೆ ಏನಿದೆ ಎಂಬುದು, ಕತ್ತಲಾಗುವುದೂ ಅಲ್ಲೇ. ಆದ್ದರಿಂದ ಕೈ ನಿಲ್ಲಿಸಿ, ಉಪಕರಣ ಸರಿಸಿ, ಚಿತ್ರ ತೆಗೆದು, ಮತ್ತೆ ಶುರುಮಾಡಬೇಕು. ನೆರಳು ಬೀಳಿಸದ ವಸ್ತುವಿನಲ್ಲಿ, ಹಿಡಿತ ಬಿಡದ, ಅರ್ಧ ಮಿಲಿಮೀಟರಿನ ಕಿಂಡಿಯಲ್ಲಿ ಹೋಗುವ ಚಿಮುಟ ಮಾಡಿಕೊಡುವವರು ಯಾರಾದರೂ ನಿಮ್ಮಲ್ಲಿದ್ದೀರಾ?

ದೊಡ್ಡದರ ಮಾತಾಯಿತು. ದಿನಾ ನಮ್ಮನ್ನು ಕಾಡುವುದು ಸಣ್ಣವು. ರೋಗಿಯ ಉಸಿರು ಮುಸುಕಿನ ಸಂದಿಯಿಂದ ಮೇಲೆ ಬಂದು, ಕಣ್ಣಿನ ಮೇಲೆ ತೂಗುವ ವಿಶಾಲ ನೋಟದ ಲೆನ್ಸಿಗೆ ಆವಿ ಕಟ್ಟುತ್ತದೆ. ಮಳೆಗಾಲದ ಕರಾವಳಿಯಲ್ಲಿ ಕೇಳುವುದೇ ಬೇಡ. ಸಿಸ್ಟರ್ ಬಿಸಿ ಸಲೈನಿನಲ್ಲಿ ಅದ್ದಿ ಒರೆಸಿ ಕೊಡುತ್ತಾರೆ, ಮತ್ತೆ ಕಟ್ಟುತ್ತದೆ. ಕಾರ್ನಿಯಾ ಒಣಗದಂತೆ ಸಹಾಯಕರು ಹನಿ ಹಾಕುತ್ತಲೇ ಇರಬೇಕು. ಒಂದು ನಿಮಿಷ ಅವರು ಪರದೆ ನೋಡುತ್ತ ಮೈಮರೆತರೆ ಒಳಗೆಲ್ಲ ಮಬ್ಬು. ಮಬ್ಬು ಬಂದಾಗ ಶಸ್ತ್ರವೈದ್ಯ ಮಾಡುವುದೇನು? ದೀಪ ಏರಿಸುತ್ತಾನೆ! ಆವಿ ಕಟ್ಟದ ಲೆನ್ಸಿನ ಲೇಪ, ಕಾರ್ನಿಯಾ ಒಣಗುವುದನ್ನು ಚಿತ್ರದಿಂದಲೇ ಗುರುತಿಸಿ ‘ಹನಿ ಹಾಕಿ’ ಎಂದು ಬೀಪ್ ಮಾಡುವ ಸಣ್ಣ ಸಾಫ್ಟ್‌ವೇರ್, ಅಕ್ಷಿಪಟಲದ ಮೇಲೆ ಇದುವರೆಗೆ ಒಟ್ಟು ಎಷ್ಟು ಬೆಳಕು ಬಿತ್ತು ಎಂದು ಆಟೋ ಮೀಟರಿನಂತೆ ಎಣಿಸುವ ಮಾಪಕ, ಇವಕ್ಕೆ ಕೋಟಿ ಬೇಕಾಗದು. ಕೊನೆಯದಂತೂ ಪ್ರತಿ ಲೈಟ್ ಯಂತ್ರದಲ್ಲೂ ಇರಬೇಕೆಂದು ನನ್ನ ಹಟ.

ನಿಮ್ಮಿಂದ ಆಗದ ಕೆಲಸವಲ್ಲ. ಬೆಂಗಳೂರಿನ ಫೋರಸ್ ಹೆಲ್ತ್ ಕಟ್ಟಿದ ‘ತ್ರಿನೇತ್ರ’ ಕ್ಯಾಮೆರಾ ಕಣ್ಣಿನ ತಪಾಸಣೆಯನ್ನು ಊರೂರಿಗೆ ಒಯ್ದಿತು. ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆ ಜಿಲ್ಲೆಗೆ ಹೋಗಿ, ದಿನ ತುಂಬದೆ ಹುಟ್ಟಿದ ಕೂಸುಗಳ ಅಕ್ಷಿಪಟಲದ ಚಿತ್ರ ತೆಗೆದು ದೂರದ ವೈದ್ಯರಿಗೆ ಕಳಿಸುತ್ತಾರೆ. ಇವೆಲ್ಲ ಕಾಯಿಲೆ ಹಿಡಿಯುವ ಕೆಲಸ. ಹಿಡಿದ ಮೇಲೆ ಆಪರೇಷನ್ ಬೇಕಾದವರು ಬಂದು ಮಲಗುವುದು ನಮ್ಮ ಮೇಜಿನ ಮೇಲೆ. ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ ದಾಟಿದ್ದಾರೆ. ಅವರಲ್ಲಿ ಒಂದು ಸಣ್ಣ ಪಾಲಿಗೆ ಕಣ್ಣಿನೊಳಗೆ ರಕ್ತಸ್ರಾವವಾದರೂ ನಮ್ಮ ಥಿಯೇಟರುಗಳ ಮುಂದೆ ಸಾಲು ಎಷ್ಟುದ್ದ ಎಂದು ನೀವೇ ಯೋಚಿಸಿ.

ಈ ಶಸ್ತ್ರಚಿಕಿತ್ಸೆಯೇ ಒಬ್ಬ ವೈದ್ಯ ಮತ್ತು ಒಬ್ಬ ಎಂಜಿನಿಯರ್ ಒಟ್ಟಿಗೆ ಕೂತದ್ದರಿಂದ ಬೆಳೆದದ್ದು. ರಾಬರ್ಟ್ ಮಾಕೆಮರ್ ಮನೆಯ ಗ್ಯಾರೇಜಿನಲ್ಲಿ ಮೊಟ್ಟೆಯ ಬಿಳಿಯನ್ನು ಕತ್ತರಿಸಿ ಹೀರುವ ಸಾಧನ ಪರೀಕ್ಷಿಸುತ್ತಿದ್ದರು. ಮಿಯಾಮಿಯಲ್ಲಿ ಅದನ್ನು ಮನುಷ್ಯರ ಕಣ್ಣಿಗೆ ತಕ್ಕಂತೆ ಕಟ್ಟಿದ್ದರಲ್ಲಿ ಜಾನ್-ಮರಿ ಪರೆಲ್ ಎಂಬ ಎಂಜಿನಿಯರರ ಕೈ ದೊಡ್ಡದು. 1970ರಲ್ಲಿ ಮೊದಲ ರೋಗಿ, ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತ ತುಂಬಿ ವರ್ಷಗಳಾಗಿದ್ದವರು. ಆಗ ದೀಪ ಕಣ್ಣಿನ ಹೊರಗಿತ್ತು, ಒಳಗೆ ಒಯ್ಯುವ ಫೈಬರ್ ಬಂದದ್ದು ಆಮೇಲೆ. ವೈದ್ಯ ಮತ್ತು ಎಂಜಿನಿಯರ್ ಒಟ್ಟಿಗೆ ಕೆಲಸ ಮಾಡಿದರು ಎಂಬುದು ಇಲ್ಲಿ ಮುಖ್ಯ. ಮಳಿಗೆಯಲ್ಲಿ ಕೊಡುವ ಕಿರುಹೊತ್ತಿಗೆ ಓದಿ ನಾವು ನಿಮ್ಮ ಯಂತ್ರ ಅರಿಯಲಾರೆವು, ಯೂಟ್ಯೂಬ್ ವಿಡಿಯೊ ನೋಡಿ ನೀವು ನಮ್ಮ ಕೆಲಸ ಅರಿಯಲಾರಿರಿ. ವಿಡಿಯೊದಲ್ಲಿ ಇರುವುದು ಚೆನ್ನಾಗಿ ಕಂಡ ಆಪರೇಷನ್‌ಗಳು ಮಾತ್ರ. ಕಾಣದವನ್ನು ಯಾರೂ ಹಾಕುವುದಿಲ್ಲ.

ಆದ್ದರಿಂದ ನಿಮ್ಮೂರಿನಲ್ಲಿ ಅಕ್ಷಿಪಟಲದ ಆಪರೇಷನ್ ಮಾಡುವ ಯಾರನ್ನಾದರೂ ಕೇಳಿ, ಆಸ್ಪತ್ರೆಯ ಅನುಮತಿ ಪಡೆದು, ಪೂರ್ತಿ ಒಂದು ದಿನ ಥಿಯೇಟರಿನಲ್ಲಿ ನಿಂತು ನೋಡಿ. ಸಹಾಯಕರ ಕಣ್ಣುಗೊಳವೆಯಲ್ಲಿ ಇಣುಕಲು ಕೇಳಿ, ಇಲ್ಲ ಅನ್ನುವವರು ಕಡಿಮೆ. ದೀಪದ ಗುಂಡಿಗೆ ನಮ್ಮ ಕೈ ಯಾವಾಗ ಯಾವಾಗ ಹೋಗುತ್ತದೆ, ಅದಕ್ಕೆ ಮೊದಲು ಏನಾಗಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಂಜೆ ಆ ಚೀಟಿ ಹಿಡಿದುಕೊಂಡು ವೈದ್ಯರ ಜೊತೆ ಕಾಫಿಗೆ ಕೂರಿ. ಮತ್ತೆ, ಬೆಳಗ್ಗೆ ತಿಂಡಿ ತಿಂದೇ ಬನ್ನಿ. ಹೊಸಬರು ಖಾಲಿ ಹೊಟ್ಟೆಯಲ್ಲಿ ತಲೆಸುತ್ತಿ ಬೀಳುವುದುಂಟು, ಆಗ ಸಿಸ್ಟರ್ ನಿಮ್ಮನ್ನು ನೋಡಬೇಕೋ ನನ್ನ ಲೆನ್ಸ್ ಒರೆಸಬೇಕೋ ಎಂದು ಗಲಿಬಿಲಿಯಾಗುತ್ತದೆ.

ವಿಶ್ವಾಸವಿರಲಿ,
ನಿಮ್ಮ ಯಂತ್ರಗಳ ಗಿರಾಕಿ,
ಒಬ್ಬ ಅಕ್ಷಿಪಟಲದ ಶಸ್ತ್ರವೈದ್ಯ